ಕೂಸು ಯಾರ ಕಣ್ಣಳತೆಯಲ್ಲಿ?

(ದತ್ತಿ ಉಪನ್ಯಾಸದ ಮುದ್ರಿತ ಪಾಠ)



ಬಿಡುವಿಲ್ಲದ ಸಂಸಾರದಲ್ಲಿ ಮಕ್ಕಳನ್ನು ಆರೋಗ್ಯವಾಗಿ, ಸುರಕ್ಷಿತವಾಗಿ, ನಗುನಗುತ್ತ ಬೆಳೆಸುವುದು ಹೇಗೆ ಎಂದು ಮಾತನಾಡಬೇಕೆಂದು ನನ್ನನ್ನು ಕರೆದಿದ್ದೀರಿ. ಬಯಲುಸೀಮೆಯ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಮಕ್ಕಳ ವೈದ್ಯೆಯಾಗಿ ಕೆಲಸ ಮಾಡಿದವಳು ನಾನು. ಊಟ, ನಿದ್ದೆ, ಆಟದ ಬಗ್ಗೆ ಹೇಳಬೇಕಾದ್ದನ್ನು ಹೇಳುತ್ತೇನೆ. ಅದಕ್ಕೂ ಮೊದಲು ನೀರಿನ ವಿಚಾರ.

ಬಾಂಗ್ಲಾದೇಶದ ಹಳ್ಳಿಗಳಲ್ಲಿ ಮನೆಯ ಮುಂದೆ, ಹಿಂದೆ, ಪಕ್ಕದಲ್ಲಿ ಎಲ್ಲೆಲ್ಲೂ ನೀರು. ಒಂದರಿಂದ ನಾಲ್ಕು ವರ್ಷದ ಮಕ್ಕಳು ಅದರಲ್ಲಿ ಮುಳುಗಿ ಸಾಯುವುದನ್ನು ಬಹುಕಾಲ ಹಣೆಬರಹವೆಂದೇ ಜನ ಒಪ್ಪಿಕೊಂಡಿದ್ದರು. ಸಂಶೋಧಕರು ಮನೆಮನೆಗೆ ಹೋಗಿ, ಮಗು ಯಾವ ಹೊತ್ತಿನಲ್ಲಿ ಎಲ್ಲಿ ಬಿದ್ದಿತು, ಆಗ ಮನೆಯವರು ಏನು ಮಾಡುತ್ತಿದ್ದರು ಎಂದು ಕೇಳಿ ಬರೆದುಕೊಂಡರು. ಹೆಚ್ಚಿನ ಸಾವುಗಳು ನಡೆದದ್ದು ಬೆಳಗ್ಗೆ 9ರಿಂದ ಮಧ್ಯಾಹ್ನ 1ರ ನಡುವೆ, ಮನೆಯಿಂದ ಕೂಗಳತೆಯಲ್ಲೇ. ಆ ಹೊತ್ತಿನಲ್ಲಿ ತಂದೆ ಗದ್ದೆಯಲ್ಲಿರುತ್ತಾನೆ, ದೊಡ್ಡ ಮಕ್ಕಳು ಶಾಲೆಯಲ್ಲಿರುತ್ತಾರೆ, ತಾಯಿ ಒಲೆ, ಬಟ್ಟೆ, ದನಕರು ಎಂದು ಓಡಾಡುತ್ತಿರುತ್ತಾಳೆ. ಕಾರಣ ಗೊತ್ತಾದ ಮೇಲೆ ಅಲ್ಲಿ ಮಾಡಿದ ಏರ್ಪಾಡು ಬಹಳ ಸರಳವಾದದ್ದು. ಊರಿನದೇ ಒಬ್ಬ ಹೆಂಗಸಿಗೆ ತರಬೇತಿ ಕೊಟ್ಟು, ಇಪ್ಪತ್ತು ಇಪ್ಪತ್ತೈದು ಮಕ್ಕಳನ್ನು ಆ ನಾಲ್ಕು ಗಂಟೆಗಳ ಕಾಲ, ವಾರದಲ್ಲಿ ಆರು ದಿನ, ಅವಳ ಬಳಿ ಕೂರಿಸಿದರು. ಇದಕ್ಕೆ 'ಆಂಚಲ್' ಎಂದು ಹೆಸರಿಟ್ಟರು. ಮುಳುಗಿ ಸಾಯುವ ಮಕ್ಕಳ ಸಂಖ್ಯೆ ಗಣನೀಯವಾಗಿ ಇಳಿಯಿತು. ಮುಳುಗುವಿಕೆಯನ್ನು ತಡೆಯಲು ವಿಶ್ವ ಆರೋಗ್ಯ ಸಂಸ್ಥೆ ಇಂದು ಶಿಫಾರಸು ಮಾಡುವ ಕ್ರಮಗಳಲ್ಲಿ ಎಳೆಯ ಮಕ್ಕಳ ಪಾಲನಾ ಕೇಂದ್ರವೂ ಸೇರಿದೆ.

ಮಗುವಿನ ಮೇಲೆ ನಿಗಾ ಇಡು ಎಂದು ತಾಯಂದಿರಿಗೆ ಬುದ್ಧಿ ಹೇಳಿದ್ದರಿಂದ ಬಂದ ಫಲ ಇದಲ್ಲ. ಅವರಿಗೆ ಇನ್ನೊಂದು ಜೊತೆ ಕಣ್ಣು ಕೊಟ್ಟದ್ದರಿಂದ ಬಂದದ್ದು. ನಾನು ಇಂದು ಹೇಳಬೇಕೆಂದಿರುವುದೆಲ್ಲ ಇಷ್ಟೇ. ದುಡಿಯುವ ಮನೆಗಳಲ್ಲಿ ಪ್ರೀತಿಗೆ ಬರವಿಲ್ಲ. ಆದರೆ ದಿನದ ಕೆಲವು ಗಂಟೆಗಳಲ್ಲಿ ಮಗು ಯಾರ ಕಣ್ಣಳತೆಯಲ್ಲೂ ಇರುವುದಿಲ್ಲ. ಆ ಗಂಟೆಗಳನ್ನು ತುಂಬುವ ಹೊಣೆಯನ್ನು ಒಬ್ಬಳೇ ತಾಯಿಯ ತಲೆಗೆ ಕಟ್ಟಿ ನಾವೆಲ್ಲ ಪಕ್ಕಕ್ಕೆ ಸರಿದಿದ್ದೇವೆ.

ನಮ್ಮ ಕಡೆ ಬಾಂಗ್ಲಾದಷ್ಟು ನೀರಿಲ್ಲ ಎನ್ನಬಹುದು. ಕೃಷಿ ಹೊಂಡಗಳನ್ನು ನೆನಪಿಸಿಕೊಳ್ಳಿ. 2014ರಲ್ಲಿ ಕೃಷಿಭಾಗ್ಯ ಯೋಜನೆ ಬಂದ ಮೇಲೆ ಒಣ ತಾಲ್ಲೂಕುಗಳ ಹೊಲಗಳಲ್ಲಿ ಸಾವಿರಾರು ಹೊಂಡಗಳು ಎದ್ದವು. ಬೆಳೆಗೆ ಅವು ಆಧಾರ, ಅದರಲ್ಲಿ ಎರಡು ಮಾತಿಲ್ಲ. ನೀರು ಇಂಗದಿರಲೆಂದು ಒಳಗೆ ಪ್ಲಾಸ್ಟಿಕ್ ತಾಡಪಾಲು ಹಾಸುತ್ತಾರೆ. ಅದರ ಮೇಲೆ ಪಾಚಿ ಕಟ್ಟಿದರೆ ಇಳಿಜಾರಿನಲ್ಲಿ ಕಾಲೂರಲು ಆಗುವುದಿಲ್ಲ. ಮಗುವಿರಲಿ, ಮಗುವನ್ನು ಎತ್ತಲು ಇಳಿದ ಗಟ್ಟಿಮುಟ್ಟಾದ ಗಂಡಸೂ ಹತ್ತಿ ಬರಲಾರ. ಒಂದೇ ಮನೆಯ ಇಬ್ಬರು ಮೂವರು ಒಟ್ಟಿಗೆ ಸತ್ತ ಸುದ್ದಿಗಳನ್ನು ನೀವೂ ಓದಿದ್ದೀರಿ. ಸುತ್ತ ತಂತಿಬೇಲಿ ಇರಬೇಕು. ಬೇಲಿಯ ಜೊತೆಗೆ ದಡದ ಗೂಟಕ್ಕೆ ಕಟ್ಟಿದ ಗಂಟು ಹಗ್ಗವೊಂದು ನೀರಿನವರೆಗೆ ಇಳಿಬಿಟ್ಟಿರಬೇಕು. ಹಳೆಯ ಟೈರಿನ ಟ್ಯೂಬು ಗಾಳಿ ತುಂಬಿಸಿ ಪಕ್ಕದಲ್ಲಿ ನೇತುಹಾಕಿರಬೇಕು. ಹೊಂಡ ತೋಡಿದ ಖರ್ಚಿನ ಮುಂದೆ ಇದು ಲೆಕ್ಕಕ್ಕೇ ಬಾರದ ಮೊತ್ತ.

ಪಟ್ಟಣದಲ್ಲಿ ಹೊಂಡದ ಜಾಗದಲ್ಲಿ ಸಂಪು ಇದೆ. ಟ್ಯಾಂಕರ್ ಬಂದಾಗ ತೆಗೆದ ಮುಚ್ಚಳ ತೆರೆದೇ ಉಳಿಯುತ್ತದೆ. ಈಗಷ್ಟೇ ನಡೆಯಲು ಕಲಿತ ಮಗುವಿಗೆ ಬಚ್ಚಲಿನ ಅರ್ಧ ಬಕೆಟ್ ನೀರೂ ಸಾಕು. ತಲೆ ಭಾರ, ಮುಂದಕ್ಕೆ ಬಾಗಿದರೆ ಹಿಂದಕ್ಕೆ ಬರಲು ಅದಕ್ಕೆ ಗೊತ್ತಾಗುವುದಿಲ್ಲ. ಸದ್ದೂ ಆಗುವುದಿಲ್ಲ. ನೀರಿನಿಂದ ಎತ್ತಿದ ಮಗುವನ್ನು ಕಾಲು ಹಿಡಿದು ತಲೆಕೆಳಗು ಮಾಡಿ ತಿರುಗಿಸುವ ರೂಢಿ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ದಯವಿಟ್ಟು ಹಾಗೆ ಮಾಡಬೇಡಿ, ಅಮೂಲ್ಯವಾದ ನಿಮಿಷಗಳು ಅದರಲ್ಲೇ ಕಳೆದುಹೋಗುತ್ತವೆ. ಮಗುವನ್ನು ಅಂಗಾತ ಮಲಗಿಸಿ, ಉಸಿರಾಡದಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಟ್ಟು, ಎದೆ ಒತ್ತುತ್ತ ಆಸ್ಪತ್ರೆಗೆ ತನ್ನಿ. ಇದನ್ನು ಪ್ರತಿ ಊರಿನಲ್ಲೂ ಹತ್ತು ಮಂದಿ ಕಲಿತಿರಬೇಕು.

ಅಪಾಯ ನೀರಿನಿಂದ ಮಾತ್ರವಲ್ಲ. ಸೀಮೆಎಣ್ಣೆ ಕುಡಿದ ಮಗುವಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಸುಟ್ಟ ಗಾಯಕ್ಕೆ ಪೇಸ್ಟು, ಇಂಕು ಹಚ್ಚಬೇಡಿ, ಇಪ್ಪತ್ತು ನಿಮಿಷ ಹರಿಯುವ ನಲ್ಲಿ ನೀರಿನಡಿ ಹಿಡಿಯಿರಿ. ಕೀಟನಾಶಕವನ್ನು ತಂಪುಪಾನೀಯದ ಬಾಟಲಿಗೆ ಸುರಿದು ಇಡಬೇಡಿ. ಇಂಥ ಮಕ್ಕಳನ್ನು ಎತ್ತಿಕೊಂಡು ಬರುವ ತಾಯಂದಿರು ಬಾಗಿಲಲ್ಲೇ ಅಳುತ್ತ ಹೇಳುತ್ತಿದ್ದ ಮಾತು ಹೆಚ್ಚುಕಡಿಮೆ ಒಂದೇ: “ಕಳೆ ಕೀಳೋಕೆ ಹೋಗಿದ್ದೆ ಮೇಡಮ್ಮೋರೆ, ಅಜ್ಜಿ ಹತ್ರ ಬಿಟ್ಟಿದ್ದೆ.” ಆ ಅಜ್ಜಿಗೆ ಕಣ್ಣಿನ ಪೊರೆ, ಮಂಡಿನೋವು. ಮಗು ಓಡಿದಷ್ಟು ವೇಗವಾಗಿ ಅವಳು ಏಳಲಾರಳು. ಆ ಅಜ್ಜಿಯನ್ನಾಗಲಿ ತಾಯಿಯನ್ನಾಗಲಿ ಬೈಯಲು ನನಗೆ ಎಂದೂ ಮನಸ್ಸು ಬರಲಿಲ್ಲ.

ಇನ್ನು ಊಟ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 35 ಮಂದಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ, ಸುಮಾರು 65 ಮಂದಿಗೆ ರಕ್ತಹೀನತೆ. ಮನೆಯಲ್ಲಿ ರಾಗಿ ಇಲ್ಲವೇ? ಇದೆ. ಪಡಿತರ ಇಲ್ಲವೇ? ಇದೆ. ಮಗುವಿನ ಊಟಕ್ಕೆ ಕಾಳು ಮಾತ್ರ ಸಾಲದು, ಕೈ ಬೇಕು. ಎಂಟು ಕಿಲೋ ತೂಗುವ ಕೂಸಿನ ಹೊಟ್ಟೆಗೆ ಒಂದು ಸಲಕ್ಕೆ ಹಿಡಿಯುವುದು ಸುಮಾರು 240 ಮಿಲಿಲೀಟರ್, ಅಂದರೆ ಒಂದು ಲೋಟ. ಅದರಲ್ಲಿ ತೆಳು ಗಂಜಿ ಹಾಕಿದರೆ ನೀರೇ ತುಂಬುತ್ತದೆ. ಚಮಚ ಬಾಗಿಸಿದರೆ ಜಾರದಷ್ಟು ಗಟ್ಟಿಯಾದ ರಾಗಿಸರಿ, ಒಂದಿಷ್ಟು ತುಪ್ಪ ಅಥವಾ ಎಣ್ಣೆ, ಮಸೆದ ಬೇಳೆ, ಸೊಪ್ಪು, ಮೊಟ್ಟೆ ಬೇಕು. ಒಂಬತ್ತು ತಿಂಗಳು ದಾಟಿದ ಮಗುವಿಗೆ ಇಂಥದ್ದನ್ನು ದಿನಕ್ಕೆ ಮೂರು ನಾಲ್ಕು ಸಲ, ನಡುವೆ ಒಂದೆರಡು ಸಲ ಬಾಳೆಹಣ್ಣಿನಂಥದ್ದನ್ನು, ಮಾತನಾಡಿಸುತ್ತ, ಆಟವಾಡಿಸುತ್ತ ತಿನ್ನಿಸಬೇಕು. ಎದೆಹಾಲು ಎರಡು ವರ್ಷದವರೆಗೂ ಮುಂದುವರಿಯಬೇಕು. ಬೆಳಗ್ಗೆ ಎಂಟಕ್ಕೆ ಕೂಲಿಗೆ ಹೊರಟು ಸಂಜೆ ಆರಕ್ಕೆ ಬರುವ ತಾಯಿ ಇದನ್ನು ಯಾವ ಹೊತ್ತಿನಲ್ಲಿ ಮಾಡಬೇಕು? ಹಾಗಾಗಿ ಕೂಸಿನ ಕೈಗೆ ಬಿಸ್ಕತ್ತು ಬರುತ್ತದೆ, ಐದು ರೂಪಾಯಿಯ ಕುರುಕಲಿನ ಪೊಟ್ಟಣ ಬರುತ್ತದೆ. ಅದು ಹಸಿವನ್ನು ಕೊಲ್ಲುತ್ತದೆ, ಮೈಗೆ ಹಿಡಿಯುವುದಿಲ್ಲ.

ಇಲ್ಲಿ ನಿಮಗೆ ಒಂದು ಲೆಕ್ಕ ತೋರಿಸಬೇಕು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆ ಮೊದಲ ಎರಡು ಮಕ್ಕಳಿಗೆ 26 ವಾರಗಳ ವೇತನ ಸಹಿತ ರಜೆ ಕೊಟ್ಟಿತು. ಅಂದರೆ ಆರು ತಿಂಗಳು. ಅದೂ ಸಂಬಳದ ಚೀಟಿ ಇರುವ ನೌಕರಿಯವರಿಗೆ. ಕೂಲಿಯವಳಿಗೆ, ಮನೆಗೆಲಸದವಳಿಗೆ ಆ ರಜೆ ಇಲ್ಲ. ಆ ಕಡೆ ನಮ್ಮ ಅಂಗನವಾಡಿ ಇದೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಈ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಅದು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಇಷ್ಟು ವರ್ಷಗಳಲ್ಲಿ ಅದು ಮಾಡಿದ ಕೆಲಸಕ್ಕೆ ನಾನು ಸಾಕ್ಷಿ. ಆದರೆ ಮಗುವನ್ನು ಕೇಂದ್ರದಲ್ಲಿ ಕೂರಿಸಿಕೊಳ್ಳುವುದು ಮೂರು ವರ್ಷ ತುಂಬಿದ ಮೇಲೆ. ಅದಕ್ಕಿಂತ ಚಿಕ್ಕವರಿಗೆ ಮನೆಗೆ ಒಯ್ಯುವ ಆಹಾರದ ಪೊಟ್ಟಣ ಕೊಡುತ್ತಾರೆ. ಹೀಗೆ, ರಜೆ ಆರು ತಿಂಗಳಿಗೆ ಮುಗಿಯುತ್ತದೆ, ಅಂಗನವಾಡಿಯ ಬಾಗಿಲು ಮೂರು ವರ್ಷಕ್ಕೆ ತೆರೆಯುತ್ತದೆ.

ನಡುವಿನ ಆ ಎರಡೂವರೆ ವರ್ಷ ಯಾರದು?

ಮಗು ಅಂಬೆಗಾಲಿಟ್ಟು, ನಡೆದು, ಓಡಿ, ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವ ಕಾಲ ಅದು. ಎತ್ತರ ಕುಂಠಿತವಾಗುವುದು ಹೆಚ್ಚಾಗಿ ಆಗಲೇ. ಮಿದುಳು ದೊಡ್ಡವರ ಮಿದುಳಿನ ಗಾತ್ರದ ನೂರಕ್ಕೆ ಸುಮಾರು 80 ಪಾಲನ್ನು ಮುಟ್ಟುವುದು ಮೂರು ವರ್ಷದ ಹೊತ್ತಿಗೆ. ಮಾತು ಕಲಿಯುವುದು ಆಗ. ಕಣ್ಣು ತಪ್ಪಿದರೆ ನೀರಿಗೆ, ಬೆಂಕಿಗೆ ಬೀಳುವುದೂ ಆಗಲೇ. ಮಗುವಿನ ಬಾಳಿನಲ್ಲಿ ಆರೈಕೆಯ ಅಗತ್ಯ ಎಲ್ಲಕ್ಕಿಂತ ಹೆಚ್ಚಿರುವ ಈ ಅವಧಿಗೇ ಸಾರ್ವಜನಿಕ ವ್ಯವಸ್ಥೆ ಖಾಲಿ ಬಿದ್ದಿದೆ. ಇದು ನನ್ನನ್ನು ವೈದ್ಯೆಯಾಗಿ ಕಾಡಿದಷ್ಟು ಬೇರೆ ಯಾವುದೂ ಕಾಡಿಲ್ಲ.

ಕಾನೂನು ಇಲ್ಲವೆಂದಲ್ಲ. 1948ರ ಕಾರ್ಖಾನೆ ಕಾಯ್ದೆಯಲ್ಲೇ 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೊಠಡಿ ಇರಬೇಕೆಂದಿತ್ತು. 1976ರಲ್ಲಿ ಆ ಮಿತಿಯನ್ನು 30ಕ್ಕೆ ಇಳಿಸಿದರು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಿಗೂ 1951ರ ತೋಟ ಕಾರ್ಮಿಕರ ಕಾಯ್ದೆ ಇಂಥ ಕೊಠಡಿಯನ್ನು ವಿಧಿಸಿತು. ತೋಟದ ಲೈನ್ ಮನೆಗಳ ಪಕ್ಕದಲ್ಲಿ ಕೊಠಡಿ ಇದ್ದರೆ ತಾಯಿ ನಡುವೆ ಬಂದು ಹಾಲೂಡಿಸಿ ಹೋಗಬಹುದು. ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳ ಕಥೆ ಬೇರೆ. ರಾಮನಗರ, ಮಂಡ್ಯ, ತುಮಕೂರು ಕಡೆಯಿಂದಲೂ ಬಸ್ಸು, ಟೆಂಪೊಗಳಲ್ಲಿ ನಿಂತು ಬರುವ ಹೆಂಗಸರು ಅಲ್ಲಿದ್ದಾರೆ. ಆ ನೂಕುನುಗ್ಗಲಲ್ಲಿ ಎಂಟು ತಿಂಗಳ ಕೂಸನ್ನು ಎತ್ತಿಕೊಂಡು ಬರುವುದಾದರೂ ಹೇಗೆ? ಲೈನಿನಲ್ಲಿ ಗಂಟೆಗಿಷ್ಟು ಪೀಸು ಎಂಬ ಟಾರ್ಗೆಟ್ ಇರುವಾಗ ಮಗು ನೋಡಿ ಬರುತ್ತೇನೆಂದು ಏಳುವುದು ಹೇಗೆ? ದಿನಕ್ಕೆ ನಾಲ್ಕು ಸಲ ತಾಯಿ ಮಗುವಿನ ಬಳಿ ಹೋಗಬಹುದೆಂದು 2017ರ ಕಾಯ್ದೆ ಹೇಳಿತು. ಟಾರ್ಗೆಟ್ಟಿನಲ್ಲಿ ಆ ಹೊತ್ತನ್ನು ಕಳೆಯದಿದ್ದರೆ ಆ ಹಕ್ಕು ಕಾಗದದಲ್ಲಿ ಉಳಿಯುತ್ತದೆ. ಪಾಲನಾ ಕೇಂದ್ರ ಇರಬೇಕಾದದ್ದು ಕಾರ್ಖಾನೆಯ ಗೇಟಿನ ಒಳಗೆ ಎನ್ನುವುದಕ್ಕಿಂತ ಆಕೆ ಬಸ್ಸು ಹತ್ತುವ ಬಡಾವಣೆಯಲ್ಲಿ. ಕಾರ್ಖಾನೆಗಳು ಅದಕ್ಕೆ ಒಟ್ಟಾಗಿ ಹಣ ಕೊಡಲಿ.

ಕಟ್ಟಡ ಕೆಲಸದವರ ಮಕ್ಕಳನ್ನು ನೋಡಿ. 1969ರಲ್ಲಿ, ಗಾಂಧೀಜಿಯ ಜನ್ಮಶತಾಬ್ದಿಯ ಕಟ್ಟಡ ಕೆಲಸ ದೆಹಲಿಯಲ್ಲಿ ನಡೆಯುತ್ತಿದ್ದಾಗ, ಮಣ್ಣುಗುಡ್ಡೆಗಳ ನಡುವೆ ಬಿದ್ದುಕೊಂಡಿದ್ದ ಕೂಸುಗಳನ್ನು ಕಂಡು ಮೀರಾ ಮಹಾದೇವನ್ ಒಂದು ಡೇರೆ ಹಾಕಿಸಿದರು. ಅಲ್ಲಿಂದ 'ಮೊಬೈಲ್ ಕ್ರೆಷಸ್' ಹುಟ್ಟಿತು. ಕೆಲಸ ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ಕೇಂದ್ರವೂ ಹೋಗಬೇಕೆಂಬುದು ಅವರ ದಾರಿ. ಬೆಂಗಳೂರಿನಲ್ಲಿ ಮೂವತ್ತು ಮಹಡಿ ಏಳುವ ಪ್ರತಿ ಜಾಗದಲ್ಲೂ ಇಂದಿಗೂ ಅದೇ ಕೂಸುಗಳು ಮರಳಿನ ರಾಶಿಯ ಮೇಲಿವೆ.

ಹೊಟ್ಟೆಬಟ್ಟೆಗೆ ತೊಂದರೆಯಿಲ್ಲದ ಮನೆಗಳಲ್ಲಿ ಗಂಡ ಹೆಂಡತಿ ಇಬ್ಬರೂ ಆಫೀಸು, ಎರಡು ಹೊತ್ತು ಟ್ರಾಫಿಕ್ಕು. ಬೇಬಿ ಸಿಟ್ಟಿಂಗಿಗೆ ದುಡ್ಡು ಕೊಡುವ ಶಕ್ತಿ ಅವರಿಗಿದೆ. ಬಾಣಂತನಕ್ಕೆ ಊರಿನಿಂದ ಅಮ್ಮ ಬರುತ್ತಾರೆ, ಆಮೇಲೆ ಅತ್ತೆ ಬರುತ್ತಾರೆ. ಅಮೆರಿಕದಲ್ಲಿರುವ ನಮ್ಮವರ ಮನೆಗಳಿಗೂ ಇದೇ ಸರದಿ. ವೀಸಾ ಸಾಮಾನ್ಯವಾಗಿ ಕೊಡುವ ಆರು ತಿಂಗಳನ್ನು ಅಮ್ಮ ಮುಗಿಸಿದರೆ, ಅತ್ತೆಯವರ ಆರು ತಿಂಗಳು. ಮೊಮ್ಮಗುವಿಗೆ ಕನ್ನಡ ಬಂದರೆ ಅದು ಈ ಅಜ್ಜಿಯರ ದೆಸೆಯಿಂದ. ಅವರಿಗೆ ನಾವು ಎಷ್ಟು ಋಣಿಯೋ ಅವರ ಬೆನ್ನಿನ ನೋವನ್ನೂ ಅಷ್ಟೇ ಕೇಳಿಸಿಕೊಳ್ಳಬೇಕು.

ಗಂಡಸರಿಗೆ ಒಂದು ಮಾತು. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ ಮನೆಗೆಲಸ ಮಾಡುವವರ ಪೈಕಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಆ ಕೆಲಸಕ್ಕೆ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಇದರ ಮೇಲೆ ಮನೆಮಂದಿಯ ಆರೈಕೆಗೆ ಹೆಂಗಸರದು 134 ನಿಮಿಷ, ಗಂಡಸರದು 76. ಮಗುವಿನ ಸ್ನಾನ, ಊಟ, ಲಸಿಕೆಯ ಚೀಟಿ, ಶಾಲೆಯ ಡೈರಿ, ಇವುಗಳಲ್ಲಿ ಎರಡನ್ನಾದರೂ ತಂದೆ ಪೂರ್ತಿಯಾಗಿ ತನ್ನದು ಮಾಡಿಕೊಳ್ಳಬೇಕು. 'ಸಹಾಯ' ಮಾಡುತ್ತೇನೆ ಎಂದು ಕಾದು ನಿಂತರೆ ನೆನಪಿಡುವ ಭಾರ ಹೆಂಡತಿಯ ಮೇಲೇ ಉಳಿಯುತ್ತದೆ. ಲಸಿಕೆಗೆ ಮಗುವನ್ನು ತಂದೆ ಕರೆತಂದ ದಿನ ನಮ್ಮ ನರ್ಸಮ್ಮಂದಿರು ಅದನ್ನು ಹಬ್ಬದಂತೆ ಹೇಳಿಕೊಳ್ಳುತ್ತಿದ್ದರು. ಅದು ದಿನನಿತ್ಯದ ಸಂಗತಿಯಾಗಬೇಕು.

ಶಾಲೆಗೆ ಹೋಗುವ ಮಕ್ಕಳಿಗೆ ಖಾಲಿ ಬೀಳುವುದು ಸಂಜೆ. ನಾಲ್ಕಕ್ಕೆ ಶಾಲೆ ಬಿಡುತ್ತದೆ, ತಂದೆ ತಾಯಿ ಮನೆ ಸೇರುವುದು ಏಳಕ್ಕೋ ಎಂಟಕ್ಕೋ. ಕೀಲಿಕೈಯನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡ ಮಕ್ಕಳು ಎಲ್ಲ ಬಡಾವಣೆಗಳಲ್ಲೂ ಇದ್ದಾರೆ. ಆ ಮೂರು ನಾಲ್ಕು ಗಂಟೆಗಳಿಗೆ ಹೆಚ್ಚಿನ ಮನೆಗಳಲ್ಲಿ ಸಿಗುವ ಉತ್ತರ ಮೊಬೈಲು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದಂತೆ ಎರಡು ವರ್ಷ ತುಂಬುವವರೆಗೆ ಮಗುವನ್ನು ಪರದೆಯ ಮುಂದೆ ಕೂರಿಸಲೇಬಾರದು. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು. ದಿನದಲ್ಲಿ ಮೂರು ಗಂಟೆ ಮೈದಣಿಯೆ ಆಡಬೇಕು. ಎಲ್ಲಿ ಆಡಬೇಕು? ಪಾರ್ಕಿನಲ್ಲಿ ಚೆಂಡಾಟ ನಿಷೇಧಿಸಿದೆ ಎಂಬ ಫಲಕ. ಬೀದಿಯಲ್ಲಿ ಕಾರುಗಳು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಬಾಲವನ ಕಟ್ಟಿದರು, ಮಕ್ಕಳು ಆಟ, ಕುಣಿತ, ಚಿತ್ರಗಳ ಮೂಲಕವೇ ಬೆಳೆಯಬೇಕೆಂದು ನಂಬಿದರು. ನಮ್ಮ ಊರುಗಳ ಶಾಲಾ ಮೈದಾನಗಳಿಗೆ ಸಂಜೆ ಬೀಗ ಬೀಳುತ್ತದೆ. ಆ ಬೀಗವನ್ನು ಏಳರವರೆಗೆ ತೆಗೆದಿಡುವ, ಒಬ್ಬ ಹಿರಿಯರನ್ನು ಕೂರಿಸುವ ಕೆಲಸಕ್ಕೆ ದೊಡ್ಡ ಯೋಜನೆಯೇನೂ ಬೇಡ.

ಗ್ರಾಮ ಪಂಚಾಯತಿ ಗ್ರಂಥಾಲಯಗಳಲ್ಲಿ ಇದು ಸಾಧ್ಯವೆಂದು ನಾವು ಕಂಡಿದ್ದೇವೆ. ಕೋವಿಡ್ ಕಾಲದಲ್ಲಿ, 2020ರ ನವೆಂಬರ್ 14ರಂದು ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತವಾಯಿತು. ಒಳ್ಳೆಯ ಗ್ರಂಥಪಾಲಕರಿರುವ ಊರಿನಲ್ಲಿ ಸಂಜೆ ಆ ಕೋಣೆ ಮಕ್ಕಳಿಂದ ಗಿಜಿಗುಡುತ್ತದೆ. ಕೇರಂ ಬೋರ್ಡು, ಕಥೆ ಪುಸ್ತಕ, ಮನೆಪಾಠ, ಜಗಳ ಎಲ್ಲ ಅಲ್ಲೇ. ಅಲ್ಲಿ ಮಗು ಸುರಕ್ಷಿತ, ಸಂತೋಷವಾಗಿಯೂ ಇರುತ್ತದೆ.

ಸುರಕ್ಷತೆಯ ಇನ್ನೊಂದು ಮುಖವನ್ನು ಈ ಸಭೆಯಲ್ಲಿ ಹೇಳಲೇಬೇಕು. ಮಗುವಿನ ಮೈಮೇಲೆ ಕೈಹಾಕುವವರು ಹೆಚ್ಚಾಗಿ ಅಪರಿಚಿತರಲ್ಲ, ಮನೆಗೆ ಬಂದು ಹೋಗುವವರು, ಮಗುವಿನ ವಿಶ್ವಾಸ ಗಳಿಸಿದವರು. ಮಗು ಒಂಟಿಯಾಗಿರುವ ಹೊತ್ತು ಅವರಿಗೆ ಗೊತ್ತಿರುತ್ತದೆ. ಮೂರು ನಾಲ್ಕು ವರ್ಷಕ್ಕೇ ಮಗುವಿಗೆ ಮೈಯ ಅಂಗಗಳ ಹೆಸರು ನಾಚಿಕೆಯಿಲ್ಲದೆ ಹೇಳಿಕೊಡಿ. ಬೇಡವೆನ್ನಲು, ಓಡಿ ಬರಲು, ಯಾರು ಗುಟ್ಟೆಂದರೂ ನಿಮಗೆ ಹೇಳಲು ಕಲಿಸಿ. ಹೇಳಿದಾಗ ನಂಬಿ. ಮಾನ ಹೋಗುತ್ತದೆಂದು ಬಾಯಿ ಮುಚ್ಚಿಸಿದ ಮನೆಗಳ ಮಕ್ಕಳನ್ನು ವರ್ಷಗಳ ಮೇಲೆ ಹೊಟ್ಟೆನೋವು, ತಲೆನೋವು ಎಂದು ನಮ್ಮಲ್ಲಿಗೆ ಕರೆತರುತ್ತಾರೆ. 2012ರ ಪೋಕ್ಸೊ ಕಾಯ್ದೆ ಇದೆ, 1098 ಸಂಖ್ಯೆಗೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಬಹುದು. ಆ ಸಂಖ್ಯೆ ಮಗುವಿಗೂ ಬಾಯಿಪಾಠ ಇರಲಿ.

ತಂದೆ ತಾಯಿ ಮನೆಗೆ ಬಂದ ಮೇಲೆ ಉಳಿಯುವ ಒಂದೆರಡು ಗಂಟೆ ಚಿಕ್ಕದೆಂದು ಕೊರಗಬೇಡಿ. ಅನುಪಮಾ ನಿರಂಜನ ಅವರು ವೈದ್ಯೆ, ಮನೆ ನಡೆಸುತ್ತಿದ್ದವರು, ಕಾದಂಬರಿಗಾರ್ತಿ. 'ತಾಯಿ-ಮಗು' ಬರೆದ ಕೈಯಿಂದಲೇ ಅವರು 'ದಿನಕ್ಕೊಂದು ಕಥೆ'ಯನ್ನು ತಿಂಗಳಿಗೊಂದರಂತೆ ಹನ್ನೆರಡು ಸಂಪುಟಗಳಲ್ಲಿ ಕಟ್ಟಿಕೊಟ್ಟರು. ಒಂದು ಕಥೆಗೆ ಹತ್ತು ನಿಮಿಷ ಸಾಕು. ಫೋನನ್ನು ಇನ್ನೊಂದು ಕೋಣೆಯಲ್ಲಿಟ್ಟು, ಮಗುವಿನ ಪಕ್ಕ ಮಲಗಿ ಓದಿದ ಆ ಹತ್ತು ನಿಮಿಷದಲ್ಲಿ ದಿನದ ಸುದ್ದಿಯೆಲ್ಲ ಹೊರಬರುತ್ತದೆ: ಯಾರು ಹೊಡೆದರು, ಯಾರು ಪೆನ್ಸಿಲು ಕದ್ದರು, ಮಿಸ್ ಯಾಕೆ ಬೈದರು. ಆಮೇಲೆ ದೀಪ ಆರಿಸಿ. ಮೂರು ನಾಲ್ಕು ವರ್ಷದ ಮಗುವಿಗೆ 10ರಿಂದ 13 ಗಂಟೆ ನಿದ್ದೆ ಬೇಕು. ಅಪ್ಪ ಬರಲಿ ಎಂದು ಹನ್ನೊಂದರವರೆಗೆ ಎಬ್ಬಿಸಿ ಕೂರಿಸುವ ಮನೆಗಳಿಗೆ ನನ್ನ ಸಲಹೆ ಬೇರೆ. ಆ ಅಪ್ಪ ಬೆಳಗ್ಗೆ ಅರ್ಧ ಗಂಟೆ ಬೇಗ ಏಳಲಿ, ಮಗುವಿಗೆ ತಿಂಡಿ ತಿನ್ನಿಸಲಿ.

ಮತ್ತೆ ಆ ಎರಡೂವರೆ ವರ್ಷಕ್ಕೆ ಬರುತ್ತೇನೆ. ಕರ್ನಾಟಕ 2023ರಲ್ಲಿ 4,000 ಗ್ರಾಮ ಪಂಚಾಯತಿಗಳಲ್ಲಿ 'ಕೂಸಿನ ಮನೆ'ಗಳನ್ನು ತೆರೆಯಲು ಹೊರಟಿತು. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಮೂರು ವರ್ಷದೊಳಗಿನ ಮಕ್ಕಳಿಗೆಂದೇ ರೂಪಿಸಿದ್ದು. ಖಾಲಿ ಇದ್ದ ಜಾಗವನ್ನು ಸರಿಯಾಗಿ ಗುರುತಿಸಿದ ಯೋಜನೆ ಇದು, ಇದನ್ನು ಯೋಚಿಸಿದವರಿಗೆ ನನ್ನ ನಮಸ್ಕಾರ. ಇದರಲ್ಲಿ ಒಂದನ್ನು ತಿದ್ದಲೇಬೇಕು. ಆರೈಕೆದಾರರಿಗೆ ಉದ್ಯೋಗ ಖಾತ್ರಿಯ ಕೂಲಿಯನ್ನೇ ಕೊಡುವಂತೆ ಮಾಡಲಾಯಿತು. ಆ ಕೂಲಿಗೆ ಕುಟುಂಬವೊಂದಕ್ಕೆ ವರ್ಷಕ್ಕೆ 100 ದಿನದ ಮಿತಿ ಇದ್ದುದರಿಂದ ಕೂಸನ್ನು ನೋಡಿಕೊಳ್ಳುವ ಹೆಂಗಸರು ಸರದಿಯಲ್ಲಿ ಬದಲಾಗಬೇಕಾಯಿತು. ಎಂಟು ತಿಂಗಳ ಕೂಸಿಗೆ ಮುಖ ಗುರುತು ಹತ್ತುವ ಕಾಲ. ಹೊಸ ಮುಖ ಕಂಡರೆ ಅತ್ತು ಅತ್ತು ಸುಸ್ತಾಗುತ್ತದೆ, ಉಣ್ಣುವುದಿಲ್ಲ. 1951ರಲ್ಲೇ ಜಾನ್ ಬೌಲ್ಬಿ ವಿಶ್ವ ಆರೋಗ್ಯ ಸಂಸ್ಥೆಗೆ ಬರೆದ ವರದಿಯಲ್ಲಿ, ಎಳೆಯ ಮಗುವಿಗೆ ಬೆಚ್ಚನೆಯ, ಬಿಡದೆ ಮುಂದುವರಿಯುವ ಒಡನಾಟ ಬೇಕೆಂದು ವಾದಿಸಿದ್ದರು. ತಾಯಿ ಹಗಲು ಇಲ್ಲದಿದ್ದರೂ ಮಗು ಚೆನ್ನಾಗಿ ಬೆಳೆಯಬಲ್ಲದು, ಹಗಲಿನಲ್ಲಿ ಎತ್ತಿಕೊಳ್ಳುವ ತೋಳು ದಿನವೂ ಅದೇ ಆಗಿದ್ದರೆ.

ಆದ್ದರಿಂದ ಈ ಸಭೆಯಲ್ಲಿರುವ ಪಂಚಾಯತಿ ಸದಸ್ಯರಲ್ಲಿ ಮತ್ತು ಅಧಿಕಾರಿಗಳಲ್ಲಿ ನನ್ನ ಕೋರಿಕೆ ಇದು. ಪ್ರತಿ ಕೂಸಿನ ಮನೆಗೆ ಇಬ್ಬರು ಹೆಂಗಸರನ್ನು ಇಡೀ ವರ್ಷಕ್ಕೆ ನೇಮಿಸಿ, ಬೇಸಾಯದ ಕೂಲಿಗೆ ಹೋದರೆ ಸಿಗುವುದಕ್ಕಿಂತ ಕಡಿಮೆಯಲ್ಲದ ಸಂಬಳ ಕೊಡಿ. ಅಂಗನವಾಡಿ ಕಾರ್ಯಕರ್ತೆಯರಿಗೂ ಗ್ರಾಚ್ಯುಯಿಟಿ ಹಕ್ಕಿದೆಯೆಂದು 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಕೂಸುಗಳನ್ನು ನೋಡಿಕೊಳ್ಳುವವರನ್ನೂ ಅದೇ ಕಣ್ಣಿನಿಂದ ನೋಡಿ. ಕೇಂದ್ರದ ಬಾಗಿಲು ತೆರೆಯುವುದು ಕಚೇರಿಯ ಹೊತ್ತಿಗಲ್ಲ, ಕೂಲಿಯ ಟೆಂಪೊ ಊರು ಬಿಡುವ ಹೊತ್ತಿಗೆ ಆಗಲಿ. ನಾಟಿ, ಕಳೆ, ಕಟಾವಿನ ತಿಂಗಳುಗಳಲ್ಲಿ ಸಂಜೆ ಒಂದು ಗಂಟೆ ಹೆಚ್ಚು ತೆರೆದಿಡಿ. ಯಾವ ಮನೆಯಲ್ಲಿ ಎಷ್ಟು ತಿಂಗಳ ಕೂಸಿದೆ ಎಂಬ ಪಟ್ಟಿ ನಿಮ್ಮ ಆಶಾ ಕಾರ್ಯಕರ್ತೆಯ ರಿಜಿಸ್ಟರಿನಲ್ಲಿ ಈಗಲೇ ಇದೆ. ಬರುವ ಗ್ರಾಮಸಭೆಗೆ ಆ ಪಟ್ಟಿಯನ್ನು ತರಿಸಿ, ಹಾಲು, ಮೊಟ್ಟೆ, ಇಬ್ಬರ ಸಂಬಳ, ಕೋಣೆಯ ದುರಸ್ತಿ ಎಂದು ಬಜೆಟ್ಟಿನಲ್ಲಿ ಬೇರೆಯೇ ಒಂದು ಸಾಲು ಬರೆಸಿ.